‘ವಿಷ ಹೊರಗೆ ಹೋಗ್ತಾ ಉಂಟು’ ಎಂದು ಸುಮ್ಮನಿರಬಹುದೇ? ಪಂಚಕರ್ಮ ಮತ್ತು ಅದರ ತೊಡಕುಗಳು

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪಡುಬಿದ್ರಿ, ಎರ್ಮಾಳ್, ಉಚ್ಚಿಲ, ಕಾಪು ಸಾಲಿನ ಊರುಗಳಲ್ಲಿ ಇದು ಬಿಡುವಿನ ಕಾಲ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಕೈಕಾಲು ನೋವು, ಹಸಿವಿಲ್ಲದ ಹೊಟ್ಟೆ. ಇದೇ ಹೊತ್ತಿಗೆ ‘ಮಳೆಗಾಲದ ವಿಶೇಷ ಪಂಚಕರ್ಮ’, ‘ಏಳು ದಿನದಲ್ಲಿ ದೇಹಶುದ್ಧಿ’, ‘ಯಾವುದೇ ಅಡ್ಡಪರಿಣಾಮ ಇಲ್ಲ’ ಎಂಬ ಜಾಹೀರಾತುಗಳು ಮೊಬೈಲಿಗೆ ಬರತೊಡಗುತ್ತವೆ.

ಇವುಗಳಲ್ಲಿ ಕೊನೆಯ ಮಾತನ್ನೇ ನಾವು ಇಲ್ಲಿ ಪರಿಶೀಲಿಸೋಣ. ಪಂಚಕರ್ಮಕ್ಕೆ ನಿಜಕ್ಕೂ ಅಡ್ಡಪರಿಣಾಮ ಇಲ್ಲವೇ? ಇದ್ದರೆ ಅವು ಯಾವುವು, ಬಂದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಮೊದಲ ಉತ್ತರ ಆಧುನಿಕ ವೈದ್ಯರಿಂದಲ್ಲ, ಆಯುರ್ವೇದದ ಮೂಲಗ್ರಂಥದಿಂದಲೇ ಸಿಗುತ್ತದೆ.

ಚರಕ ಏನು ಹೇಳುತ್ತಾನೆ?

ಪಂಚಕರ್ಮ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದಲ್ಲ. ಚರಕನ ಲೆಕ್ಕದಲ್ಲಿ ಐದು ಕರ್ಮಗಳೆಂದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ನಿರೂಹ ಬಸ್ತಿ (ಕಷಾಯದ ಎನಿಮಾ), ಅನುವಾಸನ ಬಸ್ತಿ (ಎಣ್ಣೆಯ ಎನಿಮಾ) ಮತ್ತು ನಸ್ಯ (ಮೂಗಿಗೆ ಔಷಧ ಹಾಕುವುದು). ಸುಶ್ರುತನ ಪರಂಪರೆ ಎರಡು ಬಸ್ತಿಗಳನ್ನು ಒಂದಾಗಿಸಿ ರಕ್ತಮೋಕ್ಷಣವನ್ನು ಐದನೆಯದಾಗಿ ಸೇರಿಸುತ್ತದೆ. ಎಣ್ಣೆ ತಿಕ್ಕುವ ಅಭ್ಯಂಗ, ಬೆವರಿಸುವ ಸ್ವೇದನ, ತುಪ್ಪ ಕುಡಿಸುವ ಸ್ನೇಹಪಾನ ಇವೆಲ್ಲ ‘ಪೂರ್ವಕರ್ಮ’, ಅಂದರೆ ತಯಾರಿ. ಮುಖ್ಯ ಕರ್ಮ ಮುಗಿದ ಮೇಲೆ ಗಂಜಿಯಿಂದ ಶುರುಮಾಡಿ ಹಂತಹಂತವಾಗಿ ಊಟಕ್ಕೆ ಮರಳಿಸುವುದು ‘ಪಶ್ಚಾತ್‌ಕರ್ಮ’.

ಚರಕಸಂಹಿತೆಯ ಸಿದ್ಧಿಸ್ಥಾನದ ಆರನೆಯ ಅಧ್ಯಾಯದ ಹೆಸರೇ ‘ವಮನ ವಿರೇಚನ ವ್ಯಾಪತ್ ಸಿದ್ಧಿ’. ವ್ಯಾಪತ್ ಎಂದರೆ ಆಪತ್ತು, ತೊಡಕು. ಅಲ್ಲಿ ವಾಂತಿ ಮತ್ತು ಭೇದಿ ಚಿಕಿತ್ಸೆಯ ಹತ್ತು ತೊಡಕುಗಳ ಪಟ್ಟಿಯಿದೆ. ಹೊಟ್ಟೆ ಉಬ್ಬರ, ಕತ್ತರಿಸಿದಂಥ ನೋವು, ನಿಲ್ಲದ ಸೋರಿಕೆ, ಎದೆ ಹಿಡಿದುಕೊಳ್ಳುವುದು, ಮೈ ಸೆಟೆದುಕೊಳ್ಳುವುದು, ರಕ್ತ ಹೋಗುವುದು, ವಿಪರೀತ ಆಯಾಸ ಇವೆಲ್ಲ ಅದರಲ್ಲಿವೆ. ಮುಂದಿನ ಅಧ್ಯಾಯ ಬಸ್ತಿಯ ಹನ್ನೆರಡು ತೊಡಕುಗಳ ಬಗ್ಗೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಮನ–ವಿರೇಚನದ ತೊಡಕುಗಳ ಸಂಖ್ಯೆ ಹದಿನೈದು.

ಈ ಹತ್ತು ತೊಡಕುಗಳಿಗೆ ಚರಕ ಕೊಡುವ ಕಾರಣ ಇನ್ನೂ ಸ್ವಾರಸ್ಯದ್ದು. ಕರ್ಮ ಕಡಿಮೆಯಾದರೂ (ಅಯೋಗ), ಅತಿಯಾದರೂ (ಅತಿಯೋಗ) ತೊಡಕು ಬರುತ್ತದೆ. ಅದಕ್ಕೆ ಹೊಣೆ ಪರಿಚಾರಕನ ತಪ್ಪು, ಔಷಧದ ತಪ್ಪು, ವೈದ್ಯನ ತಪ್ಪು ಅಥವಾ ರೋಗಿಯ ತಪ್ಪು. ಚಿಕಿತ್ಸೆಯೊಂದು ಎಡವುವ ನಾಲ್ಕು ಜಾಗಗಳನ್ನು ಇಷ್ಟು ನೇರವಾಗಿ ಗುರುತಿಸಿದ ಗ್ರಂಥ, ‘ಇದಕ್ಕೆ ಅಡ್ಡಪರಿಣಾಮವೇ ಇಲ್ಲ’ ಎಂದು ಎಲ್ಲಿಯೂ ಹೇಳಿಲ್ಲ. ಹಾಗೆ ಹೇಳುವವರು ಆಯುರ್ವೇದವನ್ನು ಹೊಗಳುತ್ತಿಲ್ಲ, ಅದನ್ನು ಓದಿಲ್ಲ ಎಂದಷ್ಟೇ ತೋರಿಸಿಕೊಡುತ್ತಿದ್ದಾರೆ.

ರಕ್ತ ಹೋದರೆ ಹೇಗೆ ಪರೀಕ್ಷಿಸಬೇಕೆಂಬುದೂ ಆ ಅಧ್ಯಾಯದಲ್ಲಿದೆ. ಹೊರಬಂದ ದ್ರವದಲ್ಲಿ ಬಿಳಿಬಟ್ಟೆ ಅದ್ದಿ ಒಣಗಿಸಿ ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಬೇಕು. ಕಲೆ ಉಳಿದರೆ ಪಿತ್ತ, ಹೋದರೆ ರಕ್ತ. ಇಂದು ಅದಕ್ಕಿಂತ ಎಷ್ಟೋ ನಂಬಲರ್ಹ ಪರೀಕ್ಷೆಗಳಿವೆ. ಆದರೆ ಗಮನಿಸಬೇಕಾದದ್ದು ಆ ಮನೋಭಾವ. ಹೊರಗೆ ಬಂದದ್ದೆಲ್ಲ ‘ಕೆಟ್ಟದ್ದು, ಹೋಗಲಿ’ ಎಂದು ಅಂದಿನವರು ಸುಮ್ಮನೆ ಕೂರಲಿಲ್ಲ.

‘ವಿಷ’ ಎಂದರೆ ಯಾವುದು?

ಜಾಹೀರಾತುಗಳಲ್ಲಿ ಹೊರಹೋಗುವುದಾಗಿ ಹೇಳುವ ‘ಟಾಕ್ಸಿನ್’ ಯಾವುದೆಂದು ಕೇಳಿದರೆ ಹೆಸರು ಸಿಗುವುದಿಲ್ಲ. ಆಯುರ್ವೇದದ ‘ಆಮ’ ಎಂಬ ಪರಿಕಲ್ಪನೆಯನ್ನು ಇಂಗ್ಲಿಷಿನ ಆ ಪದಕ್ಕೆ ಜೋಡಿಸಿರುವುದು ಇತ್ತೀಚಿನ ಮಾರುಕಟ್ಟೆಯ ಕೆಲಸ. ಆಮವೆಂದರೆ ಸರಿಯಾಗಿ ಪಚನವಾಗದೆ ಉಳಿದದ್ದು ಎಂಬ ಅರ್ಥ. ಅದು ಪ್ರಯೋಗಾಲಯದಲ್ಲಿ ಅಳೆಯುವ ಸೀಸವೂ ಅಲ್ಲ, ಯೂರಿಯಾವೂ ಅಲ್ಲ.

ದೇಹದೊಳಗಿನ ತ್ಯಾಜ್ಯವನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಅವು ಹಗಲೂ ರಾತ್ರಿ ಕೆಲಸ ಮಾಡುತ್ತವೆ. ಭೇದಿ ಮಾಡಿಸಿದರೆ ಕರುಳಿನಲ್ಲಿದ್ದ ಮಲ, ನೀರು, ಲವಣ, ಪಿತ್ತರಸ ಹೊರಬರುತ್ತವೆ. ರಕ್ತದಲ್ಲಿ ಸೇರಿಕೊಂಡದ್ದು ಅದರಿಂದ ಸೋಸಿಹೋಗುವುದಿಲ್ಲ. ‘ವಾರದಲ್ಲಿ ನಾಲ್ಕು ಕಿಲೋ ಇಳಿಯಿತು’ ಎಂಬ ಸಂತೋಷದ ಬಹುಪಾಲು ನೀರಿನದು. ಒಂದು ಲೀಟರ್ ನೀರು ಹೋದರೆ ತಕ್ಕಡಿಯಲ್ಲಿ ಒಂದು ಕಿಲೋ ಇಳಿಯುತ್ತದೆ, ಮತ್ತೆ ಕುಡಿದಾಗ ಮರಳಿ ಬರುತ್ತದೆ.

ಹೊಟ್ಟೆ ತೊಳೆದರೆ ರೋಗ ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1793ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಹಬ್ಬಿದಾಗ ಬೆಂಜಮಿನ್ ರಶ್ ಎಂಬ ಪ್ರಸಿದ್ಧ ವೈದ್ಯ ಪಾದರಸದ ಔಷಧದಿಂದ ಭೇದಿ ಮಾಡಿಸಿ, ರಕ್ತ ತೆಗೆದು ಚಿಕಿತ್ಸೆ ಕೊಟ್ಟ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್, ಮಲಬದ್ಧತೆಯಿಂದ ದೇಹಕ್ಕೆ ವಿಷವೇರುತ್ತದೆಂದು ನಂಬಿ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. 1919ರಲ್ಲಿ ವಾಲ್ಟರ್ ಆಲ್ವರೆಜ್ ಎಂಬ ವೈದ್ಯ, ಮಲಬದ್ಧತೆಯ ತಲೆನೋವು, ಆಲಸ್ಯಗಳಿಗೆ ವಿಷವೇರುವುದು ಕಾರಣವಲ್ಲ, ತುಂಬಿ ಬಿಗಿದ ಕರುಳು ನರಗಳ ಮೂಲಕ ಉಂಟುಮಾಡುವ ತೊಂದರೆ ಎಂದು ವಾದಿಸಿದ. ಹೊಟ್ಟೆ ಖಾಲಿಯಾದ ಕೂಡಲೇ ಹಾಯೆನಿಸುವುದೇಕೆ ಎಂಬುದಕ್ಕೂ ಆ ವಿವರಣೆ ಹೊಂದುತ್ತದೆ. ರಕ್ತದಲ್ಲಿ ವಿಷವಿದ್ದಿದ್ದರೆ ಅಷ್ಟು ಬೇಗ ಹಾಯೆನಿಸುತ್ತಿರಲಿಲ್ಲ.

ಹಾಗಾದರೆ ಪಂಚಕರ್ಮದಿಂದ ಯಾರಿಗೂ ಉಪಯೋಗವಿಲ್ಲವೇ? ಹಾಗೆನ್ನಲಾಗದು. ಎಣ್ಣೆ, ಶಾಖ, ವಿಶ್ರಾಂತಿ, ನಿಯಮದ ಊಟ ಇವುಗಳಿಂದ ಗಂಟುನೋವು, ಬೆನ್ನುನೋವು ಇರುವ ಹಲವರಿಗೆ ನೆಮ್ಮದಿ ಸಿಗುತ್ತದೆ. ಆದರೆ ವಮನ, ವಿರೇಚನಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು, ಹಲವಕ್ಕೆ ಹೋಲಿಕೆಯ ಗುಂಪು ಇಲ್ಲ. ಲಾಭ ಇನ್ನೂ ಖಚಿತವಾಗದ ಕಡೆ ಅಪಾಯವನ್ನು ಸರಿಯಾಗಿ ಅಳೆಯುವುದು ಇನ್ನಷ್ಟು ಮುಖ್ಯ.

ಒಂದು ಊಹೆಯ ಮನೆ

ಎರ್ಮಾಳಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಮ್ಮನಿಗೆ ಅರವತ್ತೆರಡು. ಸಕ್ಕರೆ ಕಾಯಿಲೆಗೆ ಎರಡು ಮಾತ್ರೆ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಅಂಶವಿರುವ ಒಂದು ಮಾತ್ರೆ. ಮುಂಬಯಿಯಲ್ಲಿರುವ ಮಗ ಪ್ರೀತಿಯಿಂದಲೇ ಏಳು ದಿನದ ಪ್ಯಾಕೇಜಿಗೆ ಹಣ ಕಟ್ಟುತ್ತಾನೆ. ಮೂರು ದಿನ ತುಪ್ಪ, ಮತ್ತೆರಡು ದಿನ ಎಣ್ಣೆ ಮತ್ತು ಆವಿ, ಆರನೆಯ ದಿನ ವಿರೇಚನ. ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಸಲ ಹೋಗಿಬಂದಾಗಿದೆ. ತಲೆ ಸುತ್ತುತ್ತಿದೆ, ಮೀನಖಂಡ ಹಿಡಿದುಕೊಂಡಿದೆ, ಬೆಳಗಿನಿಂದ ಮೂತ್ರವಾಗಿಲ್ಲ. ಅಮ್ಮ ಹೇಳಿದಾಗ ಬರುವ ಉತ್ತರ: “ಹೆದರಬೇಡಿ ಅಮ್ಮಾ, ವಿಷ ಹೊರಗೆ ಹೋಗ್ತಾ ಉಂಟು.”

ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ವಾಕ್ಯ ಇದು. ಏಕೆಂದರೆ ಇದನ್ನು ಒಪ್ಪಿದರೆ ಪ್ರತಿ ಕೆಟ್ಟ ಲಕ್ಷಣವೂ ಚಿಕಿತ್ಸೆ ಫಲಿಸಿದ್ದಕ್ಕೆ ಸಾಕ್ಷಿಯಾಗುತ್ತದೆ. ಸುಸ್ತಾದರೆ ವಿಷ ಹೋಗುತ್ತಿದೆ, ಎಚ್ಚರ ತಪ್ಪಿದರೆ ಇನ್ನೂ ಹೆಚ್ಚು ವಿಷ ಹೋಗುತ್ತಿದೆ. ನಿಲ್ಲಿಸಬೇಕಾದ ಗಡಿಯೇ ಉಳಿಯುವುದಿಲ್ಲ. ಆಯುರ್ವೇದದಲ್ಲಿ ಗಡಿ ಇದೆ. ವಿರೇಚನದಲ್ಲಿ ಹತ್ತು, ಇಪ್ಪತ್ತು, ಮೂವತ್ತು ವೇಗಗಳನ್ನು ಹೀನ, ಮಧ್ಯಮ, ಉತ್ತಮ ಎಂದೂ, ವಮನದಲ್ಲಿ ನಾಲ್ಕು, ಆರು, ಎಂಟನ್ನು ಹಾಗೆಯೇ ಎಂದೂ ವಿಂಗಡಿಸಿದ್ದಾರೆ. ಸಂಖ್ಯೆಯ ಜೊತೆಗೆ ಏನು ಹೊರಬಂತು, ರೋಗಿ ಹೇಗಿದ್ದಾನೆ ಎಂಬುದನ್ನೂ ನೋಡಬೇಕು. ದಾಟಿದರೆ ಅದು ಅತಿಯೋಗ. ಆಗ ತಡೆಯುವ ಚಿಕಿತ್ಸೆ ಶುರುಮಾಡಬೇಕು.

ದೇಹದೊಳಗೆ ನಡೆಯುವುದೇನು?

ಹರಳೆಣ್ಣೆಯನ್ನೇ ತೆಗೆದುಕೊಳ್ಳಿ. ಕರುಳಿನಲ್ಲಿ ಅದರಿಂದ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲ ಕರುಳಿನ ಸ್ನಾಯುಗಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ಅದೇ ಬಗೆಯ ಗ್ರಾಹಕಗಳು ಗರ್ಭಕೋಶದ ಸ್ನಾಯುವಿನಲ್ಲೂ ಇರುವುದರಿಂದ ಗರ್ಭಿಣಿಯರಿಗೆ ಇದು ಸಲ್ಲದು. ಭೇದಿಯಲ್ಲಿ ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಹೋಗುತ್ತವೆ. ಪೊಟ್ಯಾಸಿಯಂ ತೀರಾ ಕಡಿಮೆಯಾದರೆ ಸ್ನಾಯು ಸೋಲುತ್ತದೆ, ಹೃದಯದ ಲಯ ತಪ್ಪಬಹುದು. ರಕ್ತದ ಪ್ರಮಾಣ ಇಳಿದರೆ ಮೂತ್ರಪಿಂಡಕ್ಕೆ ರಕ್ತ ಸಾಲದೆ ಅದು ಕೆಲಸ ನಿಲ್ಲಿಸಬಹುದು. ನಮ್ಮ ಊಹೆಯ ಅಮ್ಮ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನುಂಗಿದ್ದಾರೆ, ಅಂದರೆ ನೀರು ಎರಡು ದಾರಿಯಿಂದ ಹೋಗುತ್ತಿದೆ. ಊಟವಿಲ್ಲದೆ ಸಕ್ಕರೆಯ ಮಾತ್ರೆ ತೆಗೆದುಕೊಂಡದ್ದರಿಂದ ರಕ್ತದ ಸಕ್ಕರೆಯೂ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಹೊಸ ಮಾತ್ರೆಗಳಾದರೆ ಉಪವಾಸ ಮತ್ತು ನಿರ್ಜಲೀಕರಣದಲ್ಲಿ ಇನ್ನೊಂದು ಅಪಾಯವಿದೆ. ಸಕ್ಕರೆ ಹೆಚ್ಚಾಗದೆಯೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು.

ಉಳಿದ ಕರ್ಮಗಳಿಗೂ ಅವುಗಳದೇ ತೊಡಕುಗಳಿವೆ.

ಸ್ನೇಹಪಾನದಲ್ಲಿ ದಿನದಿಂದ ದಿನಕ್ಕೆ ತುಪ್ಪ ಹೆಚ್ಚಿಸುತ್ತಾರೆ. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಇಷ್ಟೊಂದು ಜಿಡ್ಡು ತೀವ್ರ ನೋವು ತರಬಹುದು. ಟ್ರೈಗ್ಲಿಸರೈಡ್ ತುಂಬಾ ಹೆಚ್ಚಿರುವವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿದೆ.

ಸ್ವೇದನದಲ್ಲಿ ಆವಿಯಿಂದ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಕುಂದಿದವರಿಗೆ ಬಿಸಿ ತಗುಲಿದ್ದೇ ತಿಳಿಯದೆ ಸುಟ್ಟಗಾಯವಾಗುತ್ತದೆ.

ವಮನದಲ್ಲಿ ಜೋರಾದ ವಾಂತಿಯಿಂದ ಅನ್ನನಾಳದ ಒಳಪದರ ಹರಿದು ರಕ್ತ ಬರಬಹುದು, ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಎಳೆಯ ಮಕ್ಕಳು, ತೀರಾ ವಯಸ್ಸಾದವರು, ದುರ್ಬಲರು, ಗರ್ಭಿಣಿಯರು, ಹೃದ್ರೋಗಿಗಳಿಗೆ ವಮನ ಕೂಡದೆಂದು ಚರಕನೇ ಹೇಳಿದ್ದಾನೆ.

ಬಸ್ತಿಯಲ್ಲಿ ನಳಿಕೆಯಿಂದ ಗಾಯವಾಗಬಹುದು, ಸ್ವಚ್ಛತೆ ತಪ್ಪಿದರೆ ಸೋಂಕು. ಮೂಲವ್ಯಾಧಿ ಇರುವವರಲ್ಲಿ ರಕ್ತಸ್ರಾವ ಆಗಬಹುದು.

ನಸ್ಯದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ‘ಲಿಪಾಯ್ಡ್ ನ್ಯುಮೋನಿಯಾ’ ಎಂಬ ಉರಿಯೂತ ಬರುತ್ತದೆ. ಎಳೆ ಮಕ್ಕಳ ಮೂಗಿಗೆ ಎಣ್ಣೆ ಬಿಡಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಜಿಗಣೆಯಿಂದ ರಕ್ತ ತೆಗೆಸಿದಲ್ಲಿ ಅದರ ಕರುಳಿನಲ್ಲಿರುವ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾದಿಂದ ಸೋಂಕಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಸ್ರಾವ ಬೇಗ ನಿಲ್ಲುವುದಿಲ್ಲ.

ಇವೆಲ್ಲ ಎಲ್ಲರಿಗೂ ಆಗುತ್ತವೆಂದಲ್ಲ. ಆಗಬಹುದಾದವರು ಯಾರೆಂದು ಮೊದಲೇ ಗುರುತಿಸಬಹುದು ಎಂಬುದೇ ಇಲ್ಲಿನ ಪಾಠ.

ತುಳುನಾಡಿನ ಹಳೆಯ ಎಚ್ಚರ

ನಮ್ಮ ಕರಾವಳಿಗೆ ‘ಶುದ್ಧಿ’ ಹೊಸದಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ (ತುಳುವಿನಲ್ಲಿ ಪಾಲೆ) ತೊಗಟೆ ತಂದು, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ಕಷಾಯ ಕುಡಿಯುತ್ತೇವೆ. ಅದರ ಮೇಲೆ ಮೆಂತೆ ಗಂಜಿ. ಕಷಾಯದ ಪ್ರಮಾಣ ಸಣ್ಣದು, ವರ್ಷಕ್ಕೊಂದೇ ಸಲ, ಹಿಂದೆಯೇ ಹೊಟ್ಟೆಗೆ ತಂಪು. ಹಿರಿಯರು ಮದ್ದಿನ ಜೊತೆಗೆ ಮಿತಿಯನ್ನೂ ಕಟ್ಟಿಟ್ಟಿದ್ದರು.

ಆದರೂ ಪ್ರತಿವರ್ಷ ಆಯುರ್ವೇದ ವೈದ್ಯರೇ ಎಚ್ಚರಿಸಬೇಕಾಗುತ್ತದೆ. ಕತ್ತಲಲ್ಲಿ ಮರ ತಪ್ಪಿ, ಹಾಲೆಯ ಬದಲು ಕಾಸರಕದಂಥ ವಿಷದ ಮರದ ತೊಗಟೆ ತಂದರೆ ಜೀವಕ್ಕೇ ಅಪಾಯ. ಕಾಸರಕದಲ್ಲಿರುವ ಸ್ಟ್ರಿಕ್ನಿನ್ ಸ್ನಾಯುಗಳನ್ನು ಸೆಟೆಸಿ ಉಸಿರು ನಿಲ್ಲಿಸಬಲ್ಲದು. ಹಗಲಿನಲ್ಲೇ ಮರ ಗುರುತಿಸಿಡಿ, ಗೊತ್ತಿಲ್ಲದಿದ್ದರೆ ಬಲ್ಲವರಿಂದ ಪಡೆಯಿರಿ ಎಂಬುದು ಆ ಎಚ್ಚರಿಕೆ.

ಇನ್ನೊಂದು ಹಳೆಯ ರೂಢಿ, ರಜೆಯಲ್ಲಿ ಮಕ್ಕಳಿಗೆ ಹರಳೆಣ್ಣೆ ಕುಡಿಸಿ ‘ಹುಳ ಬೀಳಿಸುವುದು’. ಹರಳೆಣ್ಣೆ ಹುಳವನ್ನು ಕೊಲ್ಲುವುದಿಲ್ಲ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಆ ಕೆಲಸವನ್ನು ಭೇದಿಯಿಲ್ಲದೆ ಮಾಡುತ್ತದೆ.

ತೊಡಕು ಬಂದಾಗ

ಮೊದಲನೆಯದು, ನೀರು ಮತ್ತು ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲಾನಬೀಸ್ ಅವರು ಉಪ್ಪು–ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಬಹಳಷ್ಟು ಜನರನ್ನು ಉಳಿಸಿದರು. ಕರುಳಿನಲ್ಲಿ ಗ್ಲೂಕೋಸ್ ಇದ್ದರೆ ಸೋಡಿಯಂ ಅದರ ಜೊತೆ ಒಳಸೇರುತ್ತದೆ, ಅದರ ಹಿಂದೆ ನೀರು. ಓಆರ್‌ಎಸ್‌ನ ಗುಟ್ಟು ಇಷ್ಟೇ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ.

ಬೊಂಡ ಕುಡಿದರೆ ಸಾಲದೇ? ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯಲ್ಲಿ ಸೋಡಿಯಂ ಬಹಳ ಹೋಗುವುದರಿಂದ ಅದೊಂದೇ ಸಾಲದು. ಮೂತ್ರಪಿಂಡದ ಕಾಯಿಲೆ ಇರುವವರಿಗಂತೂ ಅದು ಅಪಾಯವೇ ಆಗಬಹುದು. ಉಪ್ಪು ಹಾಕಿದ ಕುಚಲಕ್ಕಿ ಗಂಜಿ ತೆಳಿ ಇದಕ್ಕಿಂತ ಹೆಚ್ಚು ಹೊಂದುತ್ತದೆ. ವಿರೇಚನದ ನಂತರ ಪೇಯ, ವಿಲೇಪಿ ಎಂದು ತೆಳುಗಂಜಿಯಿಂದ ಮೊದಲುಮಾಡುವ ಸಂಸರ್ಜನ ಕ್ರಮದ ತರ್ಕ ಇಲ್ಲಿ ಅರ್ಥವಾಗುತ್ತದೆ. ಪ್ಯಾಕೇಜ್ ಮುಗಿದ ದಿನವೇ ಮೀನುಸಾರು, ಕೋಳಿ–ರೊಟ್ಟಿಗೆ ಕೂರುವುದರಿಂದ ಹೊಟ್ಟೆ ಕೆಡುವುದೂ ಹಾಗೆಯೇ.

ಎರಡನೆಯದು, ಕಾಯಬಾರದ ಲಕ್ಷಣಗಳು. ಎಚ್ಚರ ತಪ್ಪುವುದು, ಗೊಂದಲದ ಮಾತು, ಆರರಿಂದ ಎಂಟು ಗಂಟೆ ಮೂತ್ರವಾಗದಿರುವುದು, ವಾಂತಿ ಅಥವಾ ಮಲದಲ್ಲಿ ರಕ್ತ, ಎದೆನೋವು, ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುವುದು, ಉಸಿರಾಟದ ಕಷ್ಟ, ಸಹಿಸಲಾಗದ ಹೊಟ್ಟೆನೋವು, ಕುಡಿದದ್ದೆಲ್ಲ ವಾಂತಿಯಾಗುವುದು, ಜ್ವರ. ಇವುಗಳಲ್ಲಿ ಒಂದು ಕಂಡರೂ ಚಿಕಿತ್ಸೆ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಎಚ್ಚರ ಮಸುಕಾದವರ ಬಾಯಿಗೆ ಏನನ್ನೂ ಹಾಕಬಾರದು. ಆಸ್ಪತ್ರೆಯಲ್ಲಿ ರಕ್ತದೊತ್ತಡ, ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತು ಇಸಿಜಿ ನೋಡುತ್ತಾರೆ, ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ. ಸಮಯಕ್ಕೆ ಹೋದರೆ ಹೆಚ್ಚಿನವು ಸರಿಯಾಗುವಂಥವು.

ಮೂರನೆಯದು, ಮುಚ್ಚಿಡಬೇಡಿ. ‘ಆಯುರ್ವೇದ ಮಾಡಿಸಿದ್ದೆ ಎಂದರೆ ಡಾಕ್ಟರು ಬಯ್ಯುತ್ತಾರೆ’ ಎಂದು ಸುಮ್ಮನಿರುವವರು ಅನೇಕರು. ಏನು ಕುಡಿದಿರಿ, ಎಷ್ಟು ಸಲ ಹೋಯಿತು, ಬೇರೆ ಯಾವ ಮಾತ್ರೆ ನುಂಗಿದಿರಿ ಎಂದು ಹೇಳಿದರೆ ಚಿಕಿತ್ಸೆ ಬೇಗ ಸರಿದಾರಿಗೆ ಬರುತ್ತದೆ. ಔಷಧದ ಬಾಟಲಿ, ಚೀಟಿ ಜೊತೆಗೆ ಒಯ್ಯಿರಿ. ವಾಂತಿಭೇದಿಯಲ್ಲಿ ಅಪಸ್ಮಾರದ ಮಾತ್ರೆ, ಗರ್ಭನಿರೋಧಕ ಮಾತ್ರೆಗಳೂ ದೇಹ ಸೇರದೆ ಹೋಗಿರಬಹುದೆಂಬುದು ನೆನಪಿರಲಿ.

ಹಣ ಕಟ್ಟುವ ಮೊದಲು

ಎರ್ಮಾಳಿನಿಂದ ಹೆದ್ದಾರಿ ಹಿಡಿದು ಉಡುಪಿಯತ್ತ ಹೊರಟರೆ ಕುತ್ಪಾಡಿಯಲ್ಲಿ 1958ರಲ್ಲಿ ಶುರುವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಇದೆ. ಮಣಿಪಾಲದಲ್ಲಿ ಮುನಿಯಾಲ್ ಆಯುರ್ವೇದ ಸಂಸ್ಥೆಯೂ, 1953ರಲ್ಲಿ ಆರಂಭವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜೂ ಇವೆ. ಪಂಚಕರ್ಮ ಎಂಬುದು ಎಂ.ಡಿ. ಮಟ್ಟದಲ್ಲಿ ಕಲಿಯುವ ವಿಶೇಷ ವಿಷಯ. ಇಷ್ಟು ಹತ್ತಿರದಲ್ಲಿ ಓದಿದ ವೈದ್ಯರಿರುವಾಗ ಎರಡು ವಾರದ ತರಬೇತಿ ಪಡೆದವರ ಕೈಯಲ್ಲಿ ವಮನ, ವಿರೇಚನ ಮಾಡಿಸಿಕೊಳ್ಳುವ ಅಗತ್ಯವಿಲ್ಲ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ನೋಡಿಕೊಳ್ಳುವ ವೈದ್ಯರು ನೋಂದಾಯಿತರೇ? ಕೇಂದ್ರಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದೆಯೇ? ಮೊದಲು ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್ ನೋಡುತ್ತಾರೆಯೇ? ನಾನು ನುಂಗುವ ಮಾತ್ರೆಗಳ ಪಟ್ಟಿ ಕೇಳಿದರೇ? ಭೇದಿ ನಿಲ್ಲದಿದ್ದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಕಳಿಸುತ್ತೀರಿ? ಬಂದವರೆಲ್ಲರಿಗೂ ಒಂದೇ ಏಳು ದಿನದ ಪ್ಯಾಕೇಜ್ ಎನ್ನುವ ಕಡೆ ಆಯುರ್ವೇದವೂ ಇಲ್ಲ. ವಸಂತದಲ್ಲಿ ವಮನ, ಶರತ್ತಿನಲ್ಲಿ ವಿರೇಚನ, ಮಳೆಗಾಲದಲ್ಲಿ ಬಸ್ತಿ ಎಂದು ಋತುವನ್ನೂ, ರೋಗಿಯ ಬಲವನ್ನೂ ನೋಡಿ ನಿರ್ಧರಿಸುವುದು ಅದರ ಕ್ರಮ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಆ ದಿನಗಳಲ್ಲಿ ಹೇಗೆ ತೆಗೆದುಕೊಳ್ಳಬೇಕೆಂದು ಅವನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ತೊಡಕಾದರೆ ವರದಿ ಮಾಡಲು ಆಯುಷ್ ಸಚಿವಾಲಯದ ಔಷಧ ಸುರಕ್ಷತಾ ವ್ಯವಸ್ಥೆಯಿದೆ. ಹೊಸದಿಲ್ಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ರಾಷ್ಟ್ರೀಯ ಸಮನ್ವಯ ಕೇಂದ್ರ. ವರದಿ ಮಾಡುವುದು ಆಯುರ್ವೇದಕ್ಕೆ ದ್ರೋಹವಲ್ಲ. ತೊಡಕುಗಳನ್ನು ಹೆಸರಿಟ್ಟು ಎಣಿಸಿದ ಚರಕ ಮಾಡಿದ್ದೂ ಅದನ್ನೇ.

ನಮ್ಮ ಊಹೆಯ ಅಮ್ಮನಿಗೆ ಆ ಮಧ್ಯಾಹ್ನ ಬೇಕಾಗಿದ್ದದ್ದು ಧೈರ್ಯದ ಮಾತಲ್ಲ. ನಾಡಿ ಹಿಡಿದು, ರಕ್ತದೊತ್ತಡ ನೋಡಿ, “ಇವತ್ತಿಗೆ ಸಾಕು, ಆಸ್ಪತ್ರೆಗೆ ಹೋಗುವ” ಎನ್ನುವ ಒಬ್ಬ ವೈದ್ಯರು. ಅಂಥವರು ಅಲ್ಲಿರುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಮಗ ಒಂದು ಫೋನ್ ಮಾಡಿ ಕೇಳಬಹುದಿತ್ತು.